ಹಲಸಿನ ತಿರುವಿನಲ್ಲಿ ನಿಲ್ಲುತ್ತಿದ್ದ ಕಾರು

ಕಾರು ಮೊದಲ ಸಲ ನಿಂತದ್ದು ಹಲಸಿನ ಮರದ ತಿರುವಿನಲ್ಲಿ. ಎರಡನೆಯ ಸಲವೂ ಅಲ್ಲೇ. ಮೂರನೆಯ ಸಲ ಅದಕ್ಕಿಂತ ಇಪ್ಪತ್ತು ಮಾರು ಮುಂದೆ. ಆಗ ನನಗೆ ಸ್ವಲ್ಪ ಆಸೆ ಹುಟ್ಟಿತ್ತು. ನಾಲ್ಕನೆಯ ಸಲ ಮತ್ತೆ ತಿರುವಿನಲ್ಲೇ ನಿಂತಿತು.

ಎಸ್ಟೇಟಿನ ಪಲ್ಪರ್ ಮನೆ ಇರುವುದು ಕೆಳಗೆ, ಹಳ್ಳದ ಪಕ್ಕ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯಲು ನೀರು ಬೇಕಲ್ಲ, ಅದಕ್ಕೆ. ನನ್ನ ಮನೆ ಇರುವುದು ಮೇಲೆ, ಕಳಸದ ರಸ್ತೆಗೆ ತೆರೆಯುವ ಗೇಟಿನ ಹತ್ತಿರ. ನಡುವೆ ನಾಲ್ಕು ಕಿಲೋಮೀಟರ್ ಎಸ್ಟೇಟ್ ರಸ್ತೆ, ಎಲ್ಲವೂ ಏರು. ಕಾರನ್ನು ಕಟ್ಟಿದ್ದು ಕೆಳಗೆ. ಅದು ಇರಬೇಕಾದದ್ದು ಮೇಲೆ. ನನ್ನ ಮುಂದಿದ್ದ ಕೆಲಸ ಇಷ್ಟೇ.

ಮೂವತ್ತೆಂಟು ವರ್ಷ ನಾನು ಈ ಎಸ್ಟೇಟಿನ ಯಂತ್ರಗಳನ್ನು ನೋಡಿಕೊಂಡವನು. ಪಲ್ಪರ್, ಡ್ರೈಯರ್, ಜನರೇಟರ್, ಪಂಪು, ಎರಡು ಜೀಪು. ಬೆಳಿಗ್ಗೆ ಐದಕ್ಕೆ ಏಳುವುದು, ಏಳಕ್ಕೆ ಆಳುಗಳ ಹಾಜರಿ ಕೂಗುವ ಮಸ್ಟರ್ ಹೊತ್ತಿಗೆ ಶೆಡ್ಡಿನಲ್ಲಿರುವುದು, ಸಂಜೆ ಪ್ರತಿ ಸ್ಪ್ಯಾನರನ್ನೂ ಎಣಿಸಿ ಗೋಡೆಗೆ ತೂಗುಹಾಕುವುದು. ನಿವೃತ್ತನಾದ ಎರಡನೆಯ ವರ್ಷ ಹೆಂಡತಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಐದಕ್ಕೆ ಏಳುವುದೇನೋ ತಪ್ಪಲಿಲ್ಲ. ಎದ್ದು ಮಾಡುವುದೇನು ಎಂಬುದು ಗೊತ್ತಾಗುತ್ತಿರಲಿಲ್ಲ. ಒಬ್ಬನೇ ಕಾಫಿ ಮಾಡಿಕೊಂಡು, ಲೋಟ ತೊಳೆದು ಕವುಚಿಟ್ಟು, ಗಡಿಯಾರ ನೋಡಿದರೆ ಐದೂವರೆ. ದಿನ ಇನ್ನೂ ಶುರುವೇ ಆಗಿರುತ್ತಿರಲಿಲ್ಲ.

ಹಾಗಿದ್ದಾಗ ಕಾರು ಕಟ್ಟುವ ಯೋಚನೆ ಬಂತು. ಈ ಕಡೆಯ ಪ್ಲಾಂಟರುಗಳಿಗೆ ರ‍್ಯಾಲಿಯ ಹುಚ್ಚು ಹಳೆಯದು. ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ಅವರ ಕಾರುಗಳನ್ನು ಎಷ್ಟೋ ವರ್ಷ ರಿಪೇರಿ ಮಾಡಿ ಕಳಿಸಿದ್ದೆ. ನನ್ನದು ಅಂತ ಒಂದು ಇರಲಿಲ್ಲ. ಎರಡೇ ಸೀಟಿನದು, ನೆಲಕ್ಕೆ ಹತ್ತಿರವಾದದ್ದು, ಮೇಲೆ ಚಾವಣಿ ಇಲ್ಲದ್ದು. ಚೌಕ ಪೈಪುಗಳಿಂದ ಚಾಸಿ ಮಾಡಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಚಿಕ್ಕಮಗಳೂರಿನ ಗುಜರಿಯಲ್ಲಿ ಸಿಕ್ಕ ಹಳೆಯ ಸಣ್ಣ ಕಾರಿನದು, ಕಾರ್ಬುರೇಟರ್ ಕಾಲದ್ದು. ಆಕ್ಸಲನ್ನು ಮೂಡಿಗೆರೆಯ ಲೇತ್ ಅಂಗಡಿಯಲ್ಲಿ ಕಡಿಸಿದೆ. ಮೈಯ ಅಲ್ಯೂಮಿನಿಯಂ ತಗಡನ್ನು ನಾನೇ ಮರದ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದೆ. ಇಂಥ ಗಾಡಿಗೆ ನಂಬರ್ ಪ್ಲೇಟ್ ಸಿಗುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಗೇಟಿನಾಚೆಯ ಡಾಂಬರು ರಸ್ತೆ ಅದರದ್ದಲ್ಲ. ಒಳಗಿನ ನಾಲ್ಕು ಕಿಲೋಮೀಟರ್ ಮಾತ್ರ ಅದರದ್ದು. ನನಗೂ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಮಾರ್ಚಿನಿಂದ ನವೆಂಬರ್‌ವರೆಗೆ ಪಲ್ಪರ್ ಮನೆ ಖಾಲಿ. ಅಲ್ಲಿ ಕೆಲಸ ಮಾಡಿಕೊಳ್ಳಲು ಈಗಿನ ಸಾಹುಕಾರರು ಒಪ್ಪಿದರು. ಅವರು ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರ ಮಗ. ಮೂರು ವರ್ಷ ಹೀಗೇ ನಡೆಯಿತು. ಪ್ರತಿ ಕೊಯ್ಲಿಗೆ ಮುಂಚೆ ಅರ್ಧ ಕಟ್ಟಿದ್ದನ್ನು ಮೂಲೆಗೆ ತಳ್ಳಿ ಟಾರ್ಪಾಲು ಹೊದಿಸುತ್ತಿದ್ದೆ. ನಾಲ್ಕನೆಯ ವರ್ಷ ಅವರು ಹೊಸ ಪಲ್ಪರ್ ತರಿಸಿದರು. ಮೂಲೆ ಅದಕ್ಕೆ ಹೋಯಿತು. ಒಂದು ದಿನ ಅವರೇ ಬಂದು ಹೇಳಿದರು.

"ಹಣ್ಣು ಬರೋದ್ರೊಳಗೆ ಖಾಲಿ ಮಾಡಿಕೊಡಿ ಸಾರ್. ಓಡದಿದ್ರೂ ಚಿಂತೆ ಇಲ್ಲ, ಟ್ರ್ಯಾಕ್ಟರ್ ಕಳಿಸ್ತೀನಿ, ಕಟ್ಟಿ ಎಳೆಸೋಣ."

ಪಕ್ಕದಲ್ಲಿ ಮೇಸ್ತ್ರಿ ಇದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇದ್ದರು. ನಾನು ಬೇಡದ ಮಾತು ಆಡಿಬಿಟ್ಟೆ. "ಟ್ರ್ಯಾಕ್ಟರ್ ಎಳೆದ ಕಾರನ್ನ ನಾನು ಮನೆ ಮುಂದೆ ನಿಲ್ಲಿಸ್ಕೊಳ್ಳಲ್ಲ. ತಾನಾಗೇ ಹತ್ತಿದ್ರೆ ಸರಿ. ಇಲ್ಲ ಅಂದ್ರೆ ಬಿಚ್ಚಿ ಗುಜರಿಗೆ ಹಾಕ್ತೀನಿ."

ಮಾತು ಆಡಿ ಆಗಿತ್ತು. ಆಳುಗಳು ಇರುವ ಲೈನಿನ ಮನೆಮನೆಗೂ ಅದು ಮುಟ್ಟಿತು. ಕಾರು ಎರಡು ಸಲ ನಿಂತ ಮೇಲೆ ದಾರಿಯಲ್ಲಿ ಸಿಕ್ಕ ಮೇಸ್ತ್ರಿ, "ಸಾರ್, ಇವತ್ತು ಹಲಸಿನ ಮರಾನೋ, ಅದರಾಚೆನೋ?" ಎಂದು ಕೇಳತೊಡಗಿದ. ತಮಾಷೆಗೇ ಕೇಳುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ದೋಷ ವಿಚಿತ್ರವಾಗಿತ್ತು. ತೊಳೆದ ಕಾಫಿ ಬೀಜ ಒಣಗಿಸುವ ಸಿಮೆಂಟಿನ ಕಣದಲ್ಲಿ ಹತ್ತು ಸುತ್ತು ಹಾಕಿದರೂ ಎಂಜಿನ್ ಗಡಿಯಾರದಂತೆ ನಡೆಯುತ್ತಿತ್ತು. ಏರು ಹಿಡಿದರೆ ಒಂದೂವರೆ ಕಿಲೋಮೀಟರ್ ಚೆನ್ನಾಗಿ ಹೋಗಿ, ಎರಡು ಸಲ ಬಿಕ್ಕಿ, ಸುಮ್ಮನಾಗುತ್ತಿತ್ತು. ಗಾಡಿ ನಿಂತರೆ ಏನು ಮಾಡಬೇಕೆಂಬುದಕ್ಕೆ ನನ್ನ ಹತ್ತಿರ ಕ್ರಮವಿದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಫಿಟ್ಟರ್ ಒಬ್ಬರು ಕಲಿಸಿದ್ದು. ಮೊದಲು ಟ್ಯಾಂಕ್ ಮುಚ್ಚಳ ತೆಗೆದು ಕೋಲು ಇಳಿಸಿ ಪೆಟ್ರೋಲ್ ಇದೆಯೋ ನೋಡು. ಆಮೇಲೆ ಪ್ಲಗ್, ಆಮೇಲೆ ಪಾಯಿಂಟ್, ಆಮೇಲೆ ಫಿಲ್ಟರ್, ಕೊನೆಗೆ ಕಾರ್ಬುರೇಟರ್. ಒಂದನ್ನೂ ಬಿಡಬೇಡ, ಹಿಂದುಮುಂದು ಮಾಡಬೇಡ. ನಾನು ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿಸಿ ಕೀಲಿ ತಿರುಗಿಸಿದರೆ ಎಂಜಿನ್ ಕೂಡಲೇ ಹಿಡಿಯುತ್ತಿತ್ತು. ಹಾಗಾಗಿ ಒಂದು ದಿನ ಪ್ಲಗ್ಗಿನದೇ ತಪ್ಪು ಅನ್ನಿಸಿತು, ಇನ್ನೊಂದು ದಿನ ಫಿಲ್ಟರಿನದು. ಬಿಸಿಗೆ ಕಾಯಿಲ್ ಸೋಲುತ್ತಿದೆ ಎಂದುಕೊಂಡು ಅದನ್ನೂ ಬದಲಾಯಿಸಿದೆ.

ಹಿಡಿದ ಮೇಲೆ ಹಾಗೇ ಮುಂದೆ ಹೋಗಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ಅದಕ್ಕೂ ಕ್ರಮವಿತ್ತು. ನಂಬಿಕೆಯಿಲ್ಲದ ಯಂತ್ರವನ್ನು ಮುಂದಕ್ಕೆ ಓಡಿಸಬಾರದು. ವಾಪಸು ಇಳಿಸಿ, ಪುಸ್ತಕದಲ್ಲಿ ಬರೆದು, ಮಾರನೆಯ ಬೆಳಿಗ್ಗೆ ಹೊಸದಾಗಿ ಶುರು ಮಾಡಬೇಕು. ಹಾಗೇ ಮಾಡಿದೆ, ಹನ್ನೊಂದು ಬೆಳಿಗ್ಗೆ. ತಿರುವಿನಿಂದ ದೇವರಮನೆ ಊರಿನ ಕಡೆಯ ಗುಡ್ಡಗಳು ಕಾಣುತ್ತವೆ. ಮಂಜು ಏಳುವ ಹೊತ್ತಿಗೆ ನಾನು ಅಲ್ಲಿ ಪ್ಲಗ್ ಒರೆಸುತ್ತ ಕೂತಿರುತ್ತಿದ್ದೆ. ಪಕ್ಕದ ಸೀಟಿಗೆ ಟೂಲ್ ಬಾಕ್ಸನ್ನು ಬೆಲ್ಟ್ ಹಾಕಿ ಕಟ್ಟಿರುತ್ತಿದ್ದೆ. ಎರಡು ಸೀಟು ಯಾಕೆ ಮಾಡಿದೆ ಎಂದು ಆ ದಿನಗಳಲ್ಲಿ ನನ್ನನ್ನು ನಾನು ಕೇಳಿಕೊಂಡದ್ದಿದೆ. ಸ್ಪೋರ್ಟ್ಸ್ ಕಾರಿಗೆ ಎರಡು ಇರುತ್ತವೆ, ಅದಕ್ಕೆ ಮಾಡಿದೆ.

ನವೆಂಬರ್ ಮುಗಿಯುತ್ತ ಬಂತು. ಅರೇಬಿಕಾ ಹಣ್ಣು ಕೆಂಪಾಯಿತು. ಕೊಯ್ಲಿಗೆ ಮೂರು ದಿನ ಇದ್ದಾಗ ಪಲ್ಪರ್ ಮನೆಯ ತೊಟ್ಟಿಗಳನ್ನು ಉಜ್ಜಿ ತೊಳೆಯಲು ಒಬ್ಬ ಹೆಂಗಸನ್ನು ಕಳಿಸಿದರು. ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬಹುದು. ನಾನು ಇಲ್ಲಿಗೆ ಬಂದಾಗಿನಿಂದ ನೋಡಿದ ಮುಖ. ಆದರೆ ಕೆಲಸದ ಮಾತು ಬಿಟ್ಟು ಬೇರೆ ಮಾತು ಆಡಿದ್ದಿಲ್ಲ. ತೊಟ್ಟಿ ತೊಳೆದು ಮುಗಿಸಿ ಮೊಣಕಾಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

"ಸಾಹೇಬ್ರೆ, ಮೇಲೆ ಹೋಗ್ತೀರಾ?"

"ಹೋದ್ರೆ ಹೋದೆ."

"ಲೈನ್ ತನಕ ಬಿಡ್ತೀರಾ? ಮಂಡಿ ಹಿಡ್ಕೊಂಡಿದೆ."

"ಇದು ಅರ್ಧ ದಾರೀಲಿ ನಿಲ್ಲುತ್ತೆ ಮಾರಾಯ್ತಿ. ನಿಂಗೆ ಗೊತ್ತಿಲ್ವಾ?"

"ಯಾರಿಗೆ ಗೊತ್ತಿಲ್ಲ! ಅರ್ಧ ದಾರಿ ಆದ್ರೂ ಉಳೀತಲ್ಲ."

ಬೆಲ್ಟ್ ಬಿಚ್ಚಿ ಟೂಲ್ ಬಾಕ್ಸನ್ನು ಕಾಲ ಹತ್ತಿರ ಇಟ್ಟೆ. ಅವಳು ಸೀರೆ ಒತ್ತಿಕೊಂಡು, "ಅಯ್ಯೋ ಇದೇನಿದು, ತೊಟ್ಟಿಗೆ ಇಳಿದಂಗೆ ಇಳೀಬೇಕು," ಎನ್ನುತ್ತ ಕೂತಳು. ಹೊರಟ ಮೇಲೆ ಮಾತು ನಿಲ್ಲಿಸಲಿಲ್ಲ. ಕಾಫಿ ಗಿಡಗಳು ಮುಖದ ಮಟ್ಟಕ್ಕೆ ಬಂದವಂತೆ. ಜೀಪಿನಲ್ಲಿ ಹೋಗುವ ಸಾಹೇಬರುಗಳಿಗೆ ಇದರಲ್ಲಿ ಕೂತವರು ಎಷ್ಟು ಗಿಡ್ಡಕ್ಕೆ ಕಾಣುತ್ತಾರೋ ಏನೋ ಎಂದು ನಕ್ಕಳು. ನಾನು ಮೀಟರುಗಳನ್ನು ನೋಡುತ್ತಿದ್ದೆ.

ಹಲಸಿನ ತಿರುವಿನಲ್ಲಿ ಕಾರು ಎರಡು ಸಲ ಬಿಕ್ಕಿ ನಿಂತಿತು.

"ಬಂತಲ್ಲ ನಿಮ್ಮ ಸ್ಟಾಪು," ಅಂದಳು.

ನಾನು ಕ್ರಮ ಶುರು ಮಾಡಿದೆ. ಟ್ಯಾಂಕು ಸೀಟುಗಳ ಹಿಂದೆಯೇ ಇದೆ. ಮುಚ್ಚಳ ಅವಳ ಹೆಗಲ ಹಿಂದೆ. ತಿರುಗಿಸಿ ತೆಗೆದೆ. ಅವಳು ಕೂತಲ್ಲಿಂದ ಹಾರಿಬಿದ್ದಳು.

"ಹಾವು! ಸಾಹೇಬ್ರೆ, ಹಾವು!"

"ಎಲ್ಲಿ?"

"ಇಲ್ಲೇ, ಬೆನ್ನ ಹಿಂದೆ. ಬುಸ್ ಅಂತಲ್ಲ, ಕೇಳಿಸ್ಲಿಲ್ವಾ?"

ನನಗೆ ಏನೂ ಕೇಳಿಸಿರಲಿಲ್ಲ. ಸೀಟಿನ ಕೆಳಗೆಲ್ಲ ಕೋಲು ಆಡಿಸಿದೆ. ಏನೂ ಇರಲಿಲ್ಲ. ಅವಳು ಮುಚ್ಚಳವನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ಇದನ್ನ ತೆಗೆದಾಗಲೇ ಬುಸ್ ಅಂದಿದ್ದು. ಗಾಳಿ ಒಳಗೆ ಹೋಯ್ತು. ಔಷಧಿ ಹೊಡೆಯೋ ಕ್ಯಾನಿಗೂ ಹಿಂಗೇ ಆಗುತ್ತಲ್ಲ. ಔಷಧಿಯ ಸುಣ್ಣ ಮೆತ್ತಿ ಮುಚ್ಚಳದ ತೂತು ಕಟ್ಕೊಂಡ್ರೆ ಎಷ್ಟು ಪಂಪ್ ಮಾಡಿದ್ರೂ ಬರಲ್ಲ. ಮುಚ್ಚಳ ತೆಗೆದ್ರೆ ಬುಸ್ ಅನ್ನುತ್ತೆ, ಆಮೇಲೆ ಬರುತ್ತೆ. ಇದಕ್ಕೆ ತೂತೇ ಇಲ್ವಾ?"

ತೂತು ಇತ್ತು. ಬೆಸುಗೆ ಹಾಕಿ ಮುಚ್ಚಿದವನು ನಾನೇ.

ನಮ್ಮ ಕಡೆಯಲ್ಲಿ ಗಾಡಿ ಇಟ್ಟುಕೊಂಡವರಿಗೆ ಇರುವ ಭಯ ಒಂದೇ, ನೀರು. ಜೂನಿನಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು ಅದು ನುಗ್ಗದ ಸಂದಿಯಿಲ್ಲ. ಪೆಟ್ರೋಲಿಗೆ ನೀರು ಬೆರೆತು ನಿಂತ ಜೀಪುಗಳನ್ನು ನಾನು ಎಷ್ಟು ಬಿಚ್ಚಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ನನ್ನ ಕಾರಿನಲ್ಲಿ ಒಂದು ಹನಿಯೂ ಇಳಿಯಬಾರದು ಎಂದು ಕಂಡ ತೂತನ್ನೆಲ್ಲ ಮುಚ್ಚಿದ್ದೆ. ಟ್ಯಾಂಕಿನ ಮುಚ್ಚಳದ ಸೂಜಿ ಮೊನೆಯಷ್ಟು ತೂತಿಗೂ ಬೆಸುಗೆ, ಅದರ ಕೆಳಗೆ ಹಳೆಯ ಟ್ಯೂಬಿನಿಂದ ಕತ್ತರಿಸಿದ ವಾಷರ್, ಅದಕ್ಕೆ ಗ್ರೀಸು. ನೀರು ಹೋಗಲಿಲ್ಲ, ಗಾಳಿಯೂ ಹೋಗಲಿಲ್ಲ. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕು ಉಸಿರು ಕಟ್ಟಿ ಬಿಗಿದುಕೊಳ್ಳುತ್ತಿತ್ತು. ಏರಿನಲ್ಲಿ ಎಂಜಿನ್ ಹೆಚ್ಚು ಕುಡಿಯುವುದರಿಂದ ತಿರುವಿನ ಹೊತ್ತಿಗೆ ಪೆಟ್ರೋಲ್ ಎಳೆಯುವ ಪಂಪು ಸೋಲುತ್ತಿತ್ತು. ನಾನು ಕ್ರಮದ ಪ್ರಕಾರ ಮೊದಲು ಮುಚ್ಚಳವನ್ನೇ ತೆಗೆಯುತ್ತಿದ್ದೆ. ದೋಷ ಅಲ್ಲಿಗೇ ಸರಿಯಾಗುತ್ತಿತ್ತು. ಉಳಿದ ಅರ್ಧ ಗಂಟೆ ಸರಿಯಿದ್ದ ಎಂಜಿನನ್ನು ಬಿಚ್ಚಿ ಒರೆಸಿ ಜೋಡಿಸುತ್ತಿದ್ದೆ. ಇವತ್ತಿಗೆ ಮುಂಚೆ ಹನ್ನೊಂದು ಸಲ ಆ ಬುಸ್ ಸದ್ದು ನನ್ನ ಕೈಯ ಕೆಳಗೇ ಬಂದಿದೆ.

ಹೆಂಡತಿ ಕೊನೆಯ ವರ್ಷಗಳಲ್ಲಿ ಅಡುಗೆಮನೆಯಿಂದ ಕರೆಯುತ್ತಿದ್ದಳು. ನಾನು ಓಗೊಡುತ್ತಿರಲಿಲ್ಲ. ಆಮೇಲೆ ಬಾಗಿಲಿಗೆ ಬಂದು, "ಕಿವಿ ತೋರಿಸ್ಕೊಂಡು ಬನ್ನಿ ಅಂತ ಎಷ್ಟು ಸಲ ಹೇಳ್ಲಿ?" ಎನ್ನುತ್ತಿದ್ದಳು. "ನೀನು ಗಟ್ಟಿಯಾಗಿ ಕರಿ," ಎನ್ನುತ್ತಿದ್ದೆ. ಅವಳು ಹೋದ ಮೇಲೆ ಮನೆಯಲ್ಲಿ ಕರೆಯುವವರೇ ಇಲ್ಲ. ಕೇಳಿಸುತ್ತದೋ ಇಲ್ಲವೋ ಎಂಬುದು ಗೊತ್ತಾಗುವ ಸಂದರ್ಭವೇ ಬರಲಿಲ್ಲ.

ಪ್ಲಗ್ಗಿಗೆ ಕೈ ಹಾಕಲಿಲ್ಲ. ಫಿಲ್ಟರಿಗೂ ಹಾಕಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಕ್ರಮ ಬಿಟ್ಟು ನೇರ ಕೀಲಿ ತಿರುಗಿಸಿದೆ. ಎಂಜಿನ್ ಹಿಡಿಯಿತು. ಮುಚ್ಚಳವನ್ನು ಸಡಿಲವಾಗಿ ಇಟ್ಟು ಮೇಲೆ ಬಟ್ಟೆ ಸುತ್ತಿದೆ. ಅವಳು ಒಂದು ಕೈ ಹಿಂದೆ ಚಾಚಿ ಅದನ್ನು ಒತ್ತಿ ಹಿಡಿದಳು.

"ವಾಪಸ್ ಇಳಿಸ್ತೀರಾ ಈಗ?"

"ಇಲ್ಲ," ಅಂದೆ.

ತಿರುವು ದಾಟಿತು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳು ದಾಟಿದವು. ಎರಡನೆಯ ಗೇರಿನಲ್ಲಿ, ಒಮ್ಮೆಯೂ ಬಿಕ್ಕದೆ, ಕಾರು ಲೈನಿನ ಮುಂದೆ ಬಂತು. ಅಂಗಳದಲ್ಲಿದ್ದ ಹೆಂಗಸರು ಎದ್ದು ನಿಂತರು. ಅವಳು ಅವರಿಗೆ ಕೇಳುವಂತೆ, "ನಾನು ಕೈ ಇಟ್ಟಿದ್ದಕ್ಕೆ ಬಂತು ಕಣ್ರೇ, ಇಲ್ಲಾಂದ್ರೆ ಎಲ್ಲಿ ಬರುತ್ತಿತ್ತು!" ಅಂದಳು. ಇಳಿದವಳು ಬಾನೆಟ್ಟಿನ ಕಡೆ ತಲೆ ಓರೆ ಮಾಡಿ ನಿಂತಳು.

"ಮುಂದೆ ಏನೋ ಟಿಕ್ ಟಿಕ್ ಅಂತಿದೆ ಸಾಹೇಬ್ರೆ. ಹೊಲಿಗೆ ಮಿಷನ್ ಥರ. ಅದು ಇರೋದೇ ಹಂಗಾ?"

"ಇರೋದೇ ಹಂಗೆ," ಅಂದೆ. ಇರುವುದು ಹಾಗಲ್ಲ. ಅದು ಟ್ಯಾಪೆಟ್ಟಿನ ಸದ್ದು, ವಾಲ್ವಿನ ಸಂದು ಹೆಚ್ಚಾದರೆ ಬರುವಂಥದ್ದು. ನನ್ನ ಎಂಜಿನಿನಲ್ಲಿ ಟ್ಯಾಪೆಟ್ ಸದ್ದೇ ಇಲ್ಲ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ.

ಉಳಿದ ದೂರ ಒಬ್ಬನೇ ಹೋದೆ. ಮನೆಯ ಮುಂದೆ ನಿಲ್ಲಿಸಿ ಸಾಹುಕಾರರಿಗೆ ಫೋನ್ ಮಾಡಿದೆ. ಅವರ ಸುತ್ತ ಗಲಾಟೆ ಇತ್ತು. "ಹೌದಾ ಸಾರ್, ಭಾಳ ಸಂತೋಷ. ಪಲ್ಪರ್ ಮನೆ ಕೀ ರೈಟರ್ ಹತ್ರ ಕೊಟ್ಬಿಡಿ," ಅಂದರು. ಕೊಟ್ಟು ಬಂದೆ. ಮುಚ್ಚಳಕ್ಕೆ ಹೊಸ ತೂತು ಕೊರೆದು, ಮಳೆ ಬೀಳದಂತೆ ಅದರ ಮೇಲೆ ಸಣ್ಣ ತಗಡಿನ ಮರೆ ಮಾಡಿದೆ. ಆಗಿನಿಂದ ಕಾರು ಗೇಟಿನಿಂದ ಹಳ್ಳದವರೆಗೆ ಹೋಗಿ ಬರುತ್ತದೆ. ಒಮ್ಮೆಯೂ ನಿಂತಿಲ್ಲ. ಹಲಸಿನ ಮರದ ಹತ್ತಿರ ನಿಲ್ಲಲು ನನಗೂ ಕಾರಣವಿಲ್ಲ. ಮೇಸ್ತ್ರಿ ಈಗ ಏನೂ ಕೇಳುವುದಿಲ್ಲ, ಕೈ ಎತ್ತಿ ಮುಂದೆ ಹೋಗುತ್ತಾನೆ.

ಟ್ಯಾಪೆಟ್ ಬಿಚ್ಚಿ ಗೇಜ್ ಹಾಕಿ ಸರಿಮಾಡಿದೆ. ಅಳತೆ ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಆದರೂ ಖಾತ್ರಿ ಬೇಕಿತ್ತು. ಭಾನುವಾರ ಲೈನಿಗೆ ಹೋಗಿ ಅವಳ ಬಾಗಿಲಲ್ಲಿ ನಿಂತು ಕೇಳಿದೆ.

"ಒಂದು ರೌಂಡ್ ಬರ್ತೀಯಾ? ಸದ್ದು ಹೋಗಿದೆಯಾ ಅಂತ ಕೇಳಿ ಹೇಳ್ಬೇಕು."

"ಈಗ ಎಲ್ಲಿ ಪುರುಸೊತ್ತು ಸಾಹೇಬ್ರೆ? ಭಾನುವಾರನೂ ಕೊಯ್ಲಿದೆ, ಇವತ್ತು ಮಧ್ಯಾಹ್ನಕ್ಕೆ ಮತ್ತೆ ಹೋಗ್ಬೇಕು. ಹಣ್ಣು ಮುಗೀಲಿ, ಬರ್ತೀನಿ."

ಹಣ್ಣು ಮುಗಿಯುವುದು ಫೆಬ್ರವರಿಗೆ. ಸರಿ ಎಂದು ಬಂದೆ. ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಟ್ಯಾಪೆಟ್ ಕವರಿನ ಮೇಲೂ ಇನ್ನೊಂದನ್ನು ಕಿವಿಗೂ ಒತ್ತಿ ಹಿಡಿದು ನಿಂತೆ. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಎಂಜಿನಿನ ನಡುಕ ಮೂಳೆಗೆ ಬರುತ್ತದೆ. ಟಿಕ್ ಟಿಕ್ ಇದೆಯೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.