ಸಮುದ್ರದ ದಾರಿ ಹಿಡಿದ ಆಂಟಿ

ಈ ಬೆಳಿಗ್ಗೆ ಕಾರಿನ ಹೀಟರ್ ಹಾಕಿದ ಕೂಡಲೇ ಶೇಂಗಾ ಚಟ್ನಿಪುಡಿಯ ವಾಸನೆ ಬಂತು. ನಿನ್ನೆ ಆಫೀಸಿನಿಂದ ಬರುವಾಗ ಊಟದ ಡಬ್ಬಿ ಹಿಂದಿನ ಸೀಟಿನಲ್ಲಿ ಮಗುಚಿಕೊಂಡಿತ್ತು. ಒರೆಸಿದ್ದೆ, ಆದರೆ ಬೆಳ್ಳುಳ್ಳಿ ಅಷ್ಟು ಸುಲಭಕ್ಕೆ ಮನೆ ಖಾಲಿ ಮಾಡುವ ಪದಾರ್ಥವಲ್ಲ. ಹೊರಗೆ ವೆಲ್ಲಿಂಗ್ಟನ್ನಿನ ನಮ್ಮ ಬಡಾವಣೆ ಜಾನ್ಸನ್‌ವಿಲ್‌ನ ಚಳಿ, ಗಾಜಿನ ಮೇಲೆ ಬೆಳ್ಳಗೆ ಗಟ್ಟಿಯಾದ ಇಬ್ಬನಿ, ಒಳಗೆ ಬಿಸಿಗಾಳಿಯ ಜೊತೆ ಆ ಖಾರದ ಘಾಟು... ಕಾರು ಹೊರಡಿಸದೆ ಹಾಗೇ ಕೂತೆ. ಚಳಿಗಾಲದಲ್ಲಿ ಹೀಗೆ ಘಮ್ಮೆನ್ನುತ್ತಿದ್ದದ್ದು ನನ್ನ ಕಾರಲ್ಲ, ಪಕ್ಕದ ಮನೆ ಆಂಟಿಯ ಕಾರು.

ಆಂಟಿ ಹುಬ್ಬಳ್ಳಿಯವರು. ನಾವೆಲ್ಲ ವೀಸಾ ಹಿಡಿದುಕೊಂಡು ಈ ದೇಶಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಮದುವೆಯಾಗಿ ಬಂದು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಅಂಕಲ್ ತೀರಿಹೋಗಿದ್ದರು, ಮಗ ಆಸ್ಟ್ರೇಲಿಯಾದಲ್ಲಿದ್ದ. ಕುಳ್ಳಗಿನ ದೇಹ, ದಪ್ಪ ಕನ್ನಡಕ, ಸೀರೆಯ ಮೇಲೆ ಮೊಣಕಾಲಿನವರೆಗೆ ಬರುವ ಕೋಟು. ಸ್ಟಿಯರಿಂಗ್ ಹಿಂದೆ ಕೂತರೆ ಹೊರಗಿನಿಂದ ಅವರ ತಲೆ ಕಾಣುತ್ತಿದ್ದದ್ದೇ ಅನುಮಾನ. ಆದರೆ ವೆಲ್ಲಿಂಗ್ಟನ್ ಬಿಟ್ಟು ಹೊರಡುವ ನಮ್ಮ ಕನ್ನಡದವರು, ಇಲ್ಲಿ ಚಳಿಗಾಲ ಹಿಡಿಯುವ ಜೂನ್ ಬಂತೆಂದರೆ, ಮೊದಲು ಫೋನ್ ಮಾಡುತ್ತಿದ್ದದ್ದು ಅವರಿಗೆ. ಆಂಟಿ ಕಂಪ್ಯೂಟರಿನಲ್ಲಿ ಹವಾಮಾನ ನೋಡುತ್ತಿದ್ದರು, ರಸ್ತೆಯ ಕ್ಯಾಮೆರಾ ನೋಡುತ್ತಿದ್ದರು, ಆಮೇಲೆ ಅಂಗಳಕ್ಕೆ ಹೋಗಿ ಗಾಳಿಗೆ ಮುಖವೊಡ್ಡಿ ನಿಲ್ಲುತ್ತಿದ್ದರು. ಯಾವ ತಿರುವಿಗೆ ಬಿಸಿಲು ಎಷ್ಟೊತ್ತಿಗೆ ಬೀಳುತ್ತದೆ, ಯಾವ ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ, ಎಲ್ಲ ಅವರಿಗೆ ಬಾಯಿಪಾಠ.

ಆದರೆ ಅವರು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ನಮ್ಮ ವರಮಹಾಲಕ್ಷ್ಮಿ ಹಬ್ಬ ಇಲ್ಲಿಯ ಚಳಿಗಾಲದಲ್ಲೇ ಬರುತ್ತದಲ್ಲ, ಆಂಟಿ ಬರುವ ಹೊತ್ತಿಗೆ ಮಂಗಳಾರತಿ ಮುಗಿದು ಎಲೆ ಹಾಕಿರುತ್ತಿತ್ತು. ಊಟಕ್ಕೆ ಮಾತ್ರ ಸರಿಯಾಗಿ ಬರ್ತೀರಿ ಎಂದು ಯಾರಾದರೂ ರೇಗಿಸಿದರೆ, "ಬಂದೀನೋ ಇಲ್ಲೋ?" ಎಂದು ಕೋಟು ಬಿಚ್ಚುತ್ತಾ ಕೇಳುತ್ತಿದ್ದರು.

ನಾನು ಹೇಳಬೇಕೆಂದಿರುವುದು ಎರಡು ಸಾವಿರದ ಹನ್ನೆರಡೋ ಹದಿಮೂರೋ, ಆ ಚಳಿಗಾಲದ ಕಥೆ. ಆಕ್ಲೆಂಡಿನ ಆಲ್ಬನಿಯಲ್ಲಿ ಓದಲು ಬಂದು ಅಲ್ಲೇ ಮದುವೆಯಾಗಿ ನೆಲೆಸಿದ್ದ ನನ್ನ ತಂಗಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮ, ಇನ್ನೂ ದಿನವಿದೆಯಲ್ಲ ಎಂದು ಒಂದು ವಾರದ ಮಟ್ಟಿಗೆ ನಮ್ಮ ಮನೆಗೆ ಇಳಿದಿದ್ದರು. ಆ ಭಾನುವಾರ ದಕ್ಷಿಣದಿಂದ ಬಿರುಗಾಳಿ ಎದ್ದಿತು. ಅದೇ ದಿನ ತಂಗಿಯ ಗಂಡನ ಫೋನ್ ಬಂತು. ಅವಳಿಗೆ ಬಿಪಿ ಏರಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಮಂಗಳವಾರ ಬೆಳಿಗ್ಗೆ ನೋವು ಬರಿಸುತ್ತಾರಂತೆ ಎಂದ.

ಅಮ್ಮ ಫೋನ್ ಇಟ್ಟವಳೇ ಬ್ಯಾಗು ತುಂಬತೊಡಗಿದಳು. ನೋವು ಬಂದಾಗ ನಿನ್ನ ಪಕ್ಕದಲ್ಲಿರುತ್ತೇನೆ ಎಂದು ತಂಗಿಗೆ ಮಾತು ಕೊಟ್ಟು ಸಮುದ್ರ ದಾಟಿ ಬಂದವಳು ಅವಳು. ಆದರೆ ಗಾಳಿಗೆ ವಿಮಾನಗಳೆಲ್ಲ ರದ್ದಾಗಿದ್ದವು. ನನ್ನ ಗಂಡ ಕೆಲಸದ ಮೇಲೆ ಸಿಡ್ನಿಗೆ ಹೋಗಿದ್ದರು. ನನಗೆ ಇಲ್ಲಿಯ ಲೈಸೆನ್ಸ್ ಸಿಕ್ಕು ತಿಂಗಳೂ ಆಗಿರಲಿಲ್ಲ. ಆಕ್ಲೆಂಡಿನ ಕಡೆಗೆ ನೇರ ಹೋಗುವ ಹೆದ್ದಾರಿ, ಹಿಮ ಹೊದ್ದ ಬೆಟ್ಟಗಳ ಮಗ್ಗುಲಲ್ಲಿ ಬಯಲು ಹಾಯುವ ಡೆಸರ್ಟ್ ರೋಡು, ಹಿಮ ಬಿದ್ದು ಮುಚ್ಚಿತ್ತು. ನಾನು ಬೇಲಿ ಬಳಸಿ ಆಂಟಿಯ ಬಾಗಿಲು ಬಡಿದೆ.

ಆಂಟಿ ಬಂದು ನಮ್ಮ ಸೋಫಾದಲ್ಲಿ ಕೂತರು. ಅಪ್ಪ ಆಗಲೇ ತೀರ್ಮಾನ ಮಾಡಿಕೊಂಡಿದ್ದರು.

"ಸೋಮವಾರ ಏಳೂವರೆಗೆ ರಾಹುಕಾಲ ಶುರುವಾಗುತ್ತೆ. ಆರೂವರೆಗೇ ಹೊರಟುಬಿಡೋಣ. ನಾವು ಹೋಗೋ ಹೊತ್ತಿಗೆ ಆ ರಸ್ತೇನೂ ತೆಗೆದಿರ್ತಾರೆ."

"ಸರ, ಅದು ಮೈಸೂರಿನ ರಾಹುಕಾಲ ರೀ," ಎಂದರು ಆಂಟಿ. "ಇಲ್ಲಿ ಏಳೂವರೆಗೆ ಸೂರ್ಯಾನ ಎದ್ದಿರಂಗಿಲ್ಲ. ಸೂರ್ಯ ಏಳೂಕಿಂತ ಮೊದಲ ರಾಹು ಎದ್ದು ಏನ್ ಮಾಡ್ತಾನ? ಇಲ್ಲಿ ಹಗಲು ಎಷ್ಟೈತಿ ನೋಡಿ ಎಂಟು ಪಾಲು ಮಾಡ್ರಿ. ಸೋಮವಾರ ಎರಡನೇ ಪಾಲು ಅಲ್ಲೇನ್ರೀ?"

ಅಪ್ಪ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವರು. ಲೆಕ್ಕ ತಮಗೇ ಎದುರಾಗಿ ಬಂದರೂ ಅಳಿಸುವ ಜಾತಿಯಲ್ಲ. ತುಟಿ ಅಲ್ಲಾಡಿಸುತ್ತಾ ಸೂರ್ಯೋದಯ, ಸೂರ್ಯಾಸ್ತ ಎಲ್ಲ ಭಾಗಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಇಲ್ಲಿಯ ರಾಹುಕಾಲ ಒಂಬತ್ತರ ಹೊತ್ತಿಗೆ ಹಿಡಿದು ಹತ್ತು ದಾಟಿದ ಮೇಲೆ ಬಿಡುತ್ತದೆ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಮುಂಬೈ, ಬೆಂಗಳೂರು, ಮೈಸೂರಿನ ಕ್ಯಾಲೆಂಡರುಗಳನ್ನು ಅಡುಗೆಮನೆಯ ಗೋಡೆಗೆ ನೇತುಹಾಕಿಕೊಂಡು, ಅದರಲ್ಲಿ ಬರೆದ ಗಂಟೆಯನ್ನೇ ಇಲ್ಲಿ ಪಾಲಿಸುತ್ತಾ, ಒಳ್ಳೆಯದಾಗಲೆಂದು ಕತ್ತಲಲ್ಲೇ ಹೆಪ್ಪುಗಟ್ಟಿದ ರಸ್ತೆಗೆ ಇಳಿಯುವ ಜನ ನಾವು!

ಬಾಗಿಲವರೆಗೆ ಬಿಡಲು ಹೋದಾಗ, ನಿಮಗೆ ಇದರಲ್ಲೆಲ್ಲ ನಂಬಿಕೆ ಇದೆಯಾ ಆಂಟಿ ಎಂದು ಮೆಲ್ಲಗೆ ಕೇಳಿದೆ. "ನನಗ ರಾಹು ಗೊತ್ತಿಲ್ಲವಾ, ಐಸ್ ಗೊತ್ತು. ಹತ್ತರ ತನಕ ಅದು ಕರಗೂದಿಲ್ಲ," ಎಂದರು. ಆಮೇಲೆ ಹಿಂದಿರುಗಿ ನಿಂತು ಅಮ್ಮನಿಗೂ ಕೇಳುವಂತೆ ಹೇಳಿದರು. "ನನ್ನ ಕಾರಿನಾಗ ಹೋಗೂಣು, ನಾನ ಹೊಡೀತೀನಿ. ಆದ್ರ ಯಾವ ದಾರಿ, ಎಲ್ಲಿ ನಿಲ್ಲೂದು, ಅದನ್ನ ನನಗ ಬಿಡಬೇಕು ನೋಡ್ರಿ." ಅಮ್ಮ ತಲೆಯಾಡಿಸಿದಳು. ಮಗಳ ಹತ್ತಿರ ಕರೆದುಕೊಂಡು ಹೋಗುವವರು ಏನು ಹೇಳಿದ್ದರೂ ಅವಳು ಒಪ್ಪುತ್ತಿದ್ದಳು.

ಸೋಮವಾರ ಹತ್ತು ದಾಟಿದ ಮೇಲೆ ಹೊರಟೆವು. ಕಾರಿನ ತುಂಬ ಜೋಳದ ಕಟಕ ರೊಟ್ಟಿ, ಚಟ್ನಿಪುಡಿಯ ವಾಸನೆ. ಬುಲ್ಸ್ ಎನ್ನುವ ಸಣ್ಣ ಊರಿನಲ್ಲಿ ದಾರಿ ಕವಲೊಡೆಯುತ್ತದೆ. ಬಲಕ್ಕೆ ತಿರುಗಿದರೆ ನೇರ ಹೆದ್ದಾರಿ, ಡೆಸರ್ಟ್ ರೋಡು. ಎಡಕ್ಕೆ ತಿರುಗಿದರೆ ಪಶ್ಚಿಮದ ಸಮುದ್ರವನ್ನು ಹಿಡಿದು ತಾರಾನಕಿ ಪ್ರಾಂತ್ಯದ ಮೇಲೆ ಸುತ್ತು ಹಾಕುವ ದಾರಿ. ಅದು ಬಹಳ ದೂರ, ಆದರೆ ತಗ್ಗಿನಲ್ಲಿದೆ, ಹಿಮ ಬೀಳುವುದು ಕಡಿಮೆ. ಅಲ್ಲಿಯ ಮೂಲೆಯಂಗಡಿಯ ಮುಂದೆ ನಿಂತು ಟೀ ಕುಡಿಯುತ್ತಿದ್ದಾಗ ತಂಗಿಯ ಗಂಡನ ಫೋನ್ ಬಂತು. ಡೆಸರ್ಟ್ ರೋಡು ಈಗಷ್ಟೇ ತೆಗೆದರಂತೆ!

ಅಪ್ಪನ ಮುಖ ಅರಳಿತು. ಆ ದಾರಿಯಲ್ಲಿ ಹೋದರೆ ರಾತ್ರಿ ಊಟದ ಹೊತ್ತಿಗೆ ಆಸ್ಪತ್ರೆಯಲ್ಲಿರುತ್ತೇವೆ. ಸಮುದ್ರದ ದಾರಿಯಾದರೆ ಮುಂದಿನ ತಿರುವು ಗುಡ್ಡಗಳನ್ನು ಆಂಟಿ ಕತ್ತಲಲ್ಲಿ ಹಾಯುವವರಲ್ಲ, ನಡುವೆ ಒಂದು ರಾತ್ರಿ ಉಳಿದುಕೊಂಡು ಮರುದಿನ ಮಧ್ಯಾಹ್ನ ತಲುಪಬೇಕು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆಂಟಿ ಆಕಾಶ ನೋಡಿದರು, ಫೋನಿನಲ್ಲಿ ಏನೋ ನೋಡಿದರು, ಟೀ ಕುಡಿದ ಕಾಗದದ ಲೋಟವನ್ನು ಕಸದ ಡಬ್ಬಿಗೆ ಹಾಕಿದರು. "ರಸ್ತಾ ತೆಗದಾರ, ಒಣಗಿಸಿಲ್ಲ. ಕರಗಿದ್ದ ನೀರು ನೆಳ್ಳು ಬಿದ್ದಲ್ಲಿ ಮತ್ತ ಗಟ್ಟಿ ಆಗ್ತದ, ಕಣ್ಣಿಗೂ ಕಾಣಂಗಿಲ್ಲ. ಇನ್ನೊಂದು ಹಿಮದ ಹೊಡತ ಬರೂದೈತಿ ಅಂತ ಬ್ಯಾರೆ ಹೇಳ್ಯಾರ. ಎಡಕ್ಕ ಹೋಗೂಣು."

ಅಮ್ಮ ಅವರ ಕೈ ಹಿಡಿದುಕೊಂಡಳು. ಅಮ್ಮ ಯಾರ ಮುಂದೆಯೂ ಬೇಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ನೀವೂ ಒಬ್ಬ ತಾಯಿ. ನನ್ನ ಮಗಳು ನನ್ನ ದಾರಿ ಕಾಯ್ತಿದಾಳೆ. ನಿಧಾನವಾಗಿಯೇ ಹೋಗೋಣ, ಆದ್ರೆ ಆ ದಾರೀಲೇ ಹೋಗೋಣ."

"ನಿಮ್ಮ ಮಗಳ ಸುತ್ತ ಇಡೀ ಆಸ್ಪತ್ರಿ ಐತ್ರಿ ಅಕ್ಕಾ," ಎಂದರು ಆಂಟಿ. "ಈ ಕಾರಿನಾಗಿನ ಮಂದಿಗೆ ನಾ ಒಬ್ಬಾಕಿನ."

ಎಡಕ್ಕೆ ತಿರುಗಿದೆವು. ನಾನು ತಂಗಿಗೆ ಮೆಸೇಜ್ ಹಾಕಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಕಿಟಕಿಯ ಕಡೆ ಮಾಡಿದ ಮುಖವನ್ನು, ನಾವು ರಾತ್ರಿ ಉಳಿಯಬೇಕಿದ್ದ ನ್ಯೂ ಪ್ಲಿಮತ್ ಊರು ಬರುವವರೆಗೆ ಈಚೆ ತಿರುಗಿಸಲಿಲ್ಲ. ಸಂಜೆ ಮೋಟೆಲ್ಲಿನಲ್ಲಿ ಅನ್ನವನ್ನೂ ಮುಟ್ಟಲಿಲ್ಲ, ಮಲಗಿಬಿಟ್ಟಳು. ಅಪ್ಪ ಟಿವಿಯ ಮುಂದೆ ಕೂತರು. ಆಂಟಿಯ ಮೇಲೆ ನನಗೂ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ನೀರು ಕುಡಿಯಲು ಹೋದಾಗ ನೋಡಿದರೆ, ಅಡುಗೆಕಟ್ಟೆಯ ಹತ್ತಿರ ಆಂಟಿ ತಟ್ಟೆಯಲ್ಲಿ ರೊಟ್ಟಿ ಇಟ್ಟುಕೊಂಡು ಮುರಿಯದೆ ಕೂತಿದ್ದರು.

"ನನಗ ಅಂಜಿಕಿ ಇಲ್ಲ ಅಂತ ತಿಳದೀಯೇನು?" ಎಂದರು ನನ್ನನ್ನು ನೋಡದೆಯೇ. "ನಾಳೆ ಆ ಹುಡುಗಿಗೆ ಏನರ ಹೆಚ್ಚುಕಡಿಮಿ ಆತಂದ್ರ ನಿಮ್ಮವ್ವ ಸಾಯೂತನಕ ನನ್ನ ಬೈತಾಳ. ಬೈಲಿ. ಬೈಯಾಕ ಆಕಿ ಇರಬೇಕಲ್ಲ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಯಾರಿಗೂ ಬೇಡವಾದ ನಿರ್ಧಾರವನ್ನು ತೆಗೆದುಕೊಂಡು, ಬೈಸಿಕೊಳ್ಳುವುದಕ್ಕೂ ತಯಾರಾಗಿ, ಹೊಟ್ಟೆಗೆ ತಿನ್ನದೆ ಕೂತ ಆ ಕುಳ್ಳಿ ಹೆಂಗಸಿನ ಪಕ್ಕ ನಾನೂ ಕೂತೆ. ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದುಕೊಂಡು ತಿಂದೆವು.

ಬೆಳಿಗ್ಗೆ ಕಾರಿನ ಗಾಜೆಲ್ಲ ಮಂಜುಗಡ್ಡೆ. ಅಪ್ಪ ಸಹಾಯ ಮಾಡುವ ಉಮೇದಿನಲ್ಲಿ ಕೆಟಲ್ ತುಂಬ ಕುದಿನೀರು ತಂದು ಎರಚಲು ಹೊರಟಿದ್ದರು. "ಸರ! ಗಾಜು ಸೀಳಿ ಹೋಗ್ತದ!" ಎಂದು ಆಂಟಿ ಕೂಗಿದ ಕೂಗಿಗೆ ಪಕ್ಕದ ರೂಮಿನಲ್ಲಿದ್ದ ಈ ದೇಶದವರು ಹೊರಗೆ ಇಣುಕಿದರು. ನಾನು ಆ ಹೊತ್ತಿನಲ್ಲೂ ನಕ್ಕೆ. ಅಮ್ಮ ನಗಲಿಲ್ಲ. ಗುಡ್ಡಗಳ ರಸ್ತೆಗೆ ಬಿಸಿಲು ಬರುವವರೆಗೆ ಕಾದು ಹೊರಟೆವು. ಎಡಕ್ಕೆ ಕಪ್ಪು ಮರಳಿನ ಸಮುದ್ರ ಬಂತು, ಆಮೇಲೆ ಕಣಿವೆ, ಕುರಿಗಳು... ದಾರಿಯಲ್ಲಿ ಫೋನ್ ಬಂತು. ನಸುಕಿಗೆ ನೋವು ತಾನಾಗಿಯೇ ಶುರುವಾಗಿ, ಹೆಣ್ಣುಮಗು ಹುಟ್ಟಿತ್ತು. ಇಬ್ಬರೂ ಕ್ಷೇಮ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅದು ಬರೀ ಸಂತೋಷದ ಅಳುವಲ್ಲ ಎಂದು ಕಾರಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಂಟಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನ ಆಸ್ಪತ್ರೆ ಸೇರಿದೆವು. ಅಮ್ಮ ಹಾಸಿಗೆಯ ಹತ್ತಿರ ಓಡಿ, ನಾನು ಬರಲಾಗಲಿಲ್ಲವಲ್ಲೇ, ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲವಲ್ಲೇ ಎಂದು ತಂಗಿಯ ಮುಖ ಸವರಿದಳು. ತಂಗಿ ಸುಸ್ತಾಗಿದ್ದಳು, ಆದರೂ ಗದರಿಸುವ ಹಾಗೆಯೇ ಹೇಳಿದಳು.

"ಸುಮ್ನಿರಮ್ಮ. ನಿನ್ನೆ ನೀವೆಲ್ಲ ಡೆಸರ್ಟ್ ರೋಡಲ್ಲಿ ಬರಬಹುದು ಅಂತ ಇವರು ಅಂದಾಗ ನಂಗೆ ಉಸಿರು ಕಟ್ಟಿದ ಹಾಗಾಗಿತ್ತು. ಬಿಪಿ ಇಳೀಲೇ ಇಲ್ಲ. ಸಮುದ್ರದ ದಾರಿ ಹಿಡಿದ್ವಿ ಅಂತ ಅಕ್ಕ ಮೆಸೇಜ್ ಹಾಕಿದ್ಲು ನೋಡು, ಆಮೇಲೆ ನಿದ್ದೆ ಬಂತು. ಆ ನಿದ್ದೆ ಇಲ್ದೆ ಹೋಗಿದ್ರೆ ಬೆಳಿಗ್ಗೆ ನಂಗೆ ಶಕ್ತಿ ಎಲ್ಲಿರ್ತಿತ್ತು?"

ಅಮ್ಮ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಳು. ಎದೆಗೊತ್ತಿಕೊಳ್ಳುತ್ತಾಳೆ ಎಂದು ನಾವೆಲ್ಲ ನೋಡುತ್ತಿದ್ದರೆ, ಮುಖ ಕೂಡ ಸರಿಯಾಗಿ ನೋಡದೆ, ಬಾಗಿಲ ಹತ್ತಿರ ಕೋಟು ಬಿಚ್ಚದೆ ಕೀಲಿಕೈ ಹಿಡಿದು ಹೊರಗಿನವರ ಹಾಗೆ ನಿಂತಿದ್ದ ಆಂಟಿಯ ಹತ್ತಿರ ನಡೆದುಹೋದಳು.

"ಮೊದಲು ನೀವು ಎತ್ಕೊಳ್ಳಿ," ಎಂದಳು.

"ಕೈ ತಣ್ಣಗ ಅದಾವ್ರಿ ಅಕ್ಕಾ..." ಎಂದು ಆಂಟಿ ಅಂಗೈಗಳನ್ನು ಕೋಟಿಗೆ ಉಜ್ಜಿದರು, ಮತ್ತೆ ಉಜ್ಜಿದರು. ನಮ್ಮ ಮನೆಯ ಮಗುವನ್ನು ನಮ್ಮಲ್ಲಿ ಮೊದಲು ಎದೆಗೊತ್ತಿಕೊಂಡವರು ಅವರೇ. ಅವರ ಕನ್ನಡಕದ ಮೇಲೆ ಹಬೆ ಕಟ್ಟಿತ್ತು.

ಈ ಕಥೆ ಕೇಳಿದವರೆಲ್ಲ, ಹಾಗಾದರೆ ಅವತ್ತು ಡೆಸರ್ಟ್ ರೋಡಿನಲ್ಲಿ ಏನಾಯಿತು ಎಂದು ಕೇಳುತ್ತಾರೆ. ಏನೂ ಆಗಲಿಲ್ಲ. ಬರುತ್ತದೆಂದ ಹಿಮವೂ ಬರಲಿಲ್ಲ. ನಮ್ಮ ಕನ್ನಡ ಕೂಟದವರೇ ಒಬ್ಬರು ಅದೇ ದಾರಿಯಲ್ಲಿ ಹೋಗಿ ರಾತ್ರಿಯೇ ಆಕ್ಲೆಂಡ್ ಸೇರಿ ಬೆಚ್ಚಗೆ ಮಲಗಿದ್ದರು. ವರ್ಷಗಟ್ಟಲೆ ಅದನ್ನು ಹೇಳಿ ಆಂಟಿಯನ್ನು ಕಾಡಿಸಿದರು ಕೂಡ. ಆಂಟಿ ಸೋತೆ ಎನ್ನಲಿಲ್ಲ, ಗೆದ್ದೆ ಎಂದೂ ಹೇಳಿಕೊಳ್ಳಲಿಲ್ಲ. ಏನೋ ಆಗಿಬಿಟ್ಟಿದ್ದರೆ ಅವರನ್ನು ಮೆಚ್ಚುವುದು ಯಾರಿಗೂ ಸುಲಭವಿತ್ತು. ಏನೂ ಆಗದ ದಾರಿಯನ್ನು ಬಿಟ್ಟದ್ದಕ್ಕೂ ಅವರ ಬಗ್ಗೆ ಎದೆಯುಬ್ಬಿಸಿ ಮಾತಾಡುವವಳು ನಾನು, ಮತ್ತು ಮೈಸೂರಿನಲ್ಲಿ ಅಮ್ಮ. ಬೀದಿಯ ಹೆಂಗಸರಿಗೆಲ್ಲ ಅಮ್ಮ ಆ ಕಥೆಯನ್ನು ಎಷ್ಟು ಸಲ ಹೇಳಿದ್ದಾಳೋ.

ಹೋದ ವರ್ಷ ಜುಲೈಯಲ್ಲಿ ಆಂಟಿ ಹೋದರು. ನಿದ್ದೆಯಲ್ಲೇ ಹೃದಯ ನಿಂತಿತ್ತು. ಅಂತ್ಯಕ್ರಿಯೆಯ ದಿನ ಬೆಳಿಗ್ಗೆ ಅವರ ಮನೆಯ ಮುಂದೆ ನಾವೆಲ್ಲ ಸೇರಿದ್ದಾಗ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಪೆಟ್ಟಿಗೆಯನ್ನು ಗಾಡಿಗೆ ಏರಿಸಿದ ಮೇಲೆ ಕರಿ ಕೋಟಿನ, ಈ ದೇಶದವನೇ ಆದ ಚಾಲಕ, ಕರೋರಿಯ ಚಿತಾಗಾರಕ್ಕೆ ನಾಯೋ ಎಂಬ ಕಣಿವೆಯ ಒಳದಾರಿಯಲ್ಲಿ ಹೋಗೋಣವೋ ಮೋಟಾರ್‌ವೇಯಲ್ಲೋ ಎಂದು ವಿನಯದಿಂದ ಕೇಳಿದ. ಸಿಡ್ನಿಯಿಂದ ಬಂದಿದ್ದ ಆಂಟಿಯ ಮಗನಿಗೆ ತಿಳಿಯಲಿಲ್ಲ. ಕೂಟದ ಅಷ್ಟೂ ಜನ, ಯಾರೂ ಯಾರಿಗೂ ಹೇಳದೆ, ಗಾಡಿಯ ಒಳಗಿನ ಪೆಟ್ಟಿಗೆಯ ಕಡೆ ತಿರುಗಿ ನೋಡಿದೆವು... ನೋಡಿ ನಾಚಿಕೊಂಡೆವು. ಆಮೇಲೆ ನಾನೇ ಮುಂದೆ ಬಂದೆ. ಕಣಿವೆಗೆ ಇಷ್ಟು ಬೇಗ ಬಿಸಿಲು ಬೀಳುವುದಿಲ್ಲ, ಮೋಟಾರ್‌ವೇಯಲ್ಲಿ ಹೋಗೋಣ, ನಿಧಾನವಾಗಿ, ಇನ್ನು ಸ್ವಲ್ಪ ಹೊತ್ತು ಬಿಟ್ಟು ಹೊರಡೋಣ ಎಂದೆ. ಮಗ ನನ್ನ ಕೈ ಹಿಡಿದುಕೊಂಡ.

ಈಗ ಅವರ ಮನೆಯಲ್ಲಿ ಹೊಸಬರಿದ್ದಾರೆ, ಅಂಗಳದಲ್ಲಿ ಇಲ್ಲಿಯವರು ಯೂಟ್ ಎನ್ನುವ ಒಂದು ಪಿಕಪ್ ಗಾಡಿ ನಿಂತಿರುತ್ತದೆ. ಚಳಿ ಶುರುವಾದರೆ ನಮ್ಮವರು ದಾರಿ ಕೇಳಲು ನನಗೆ ಫೋನ್ ಮಾಡುತ್ತಾರೆ. ಹವಾಮಾನ ನೋಡುತ್ತೇನೆ, ಕ್ಯಾಮೆರಾ ನೋಡುತ್ತೇನೆ, ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ, ಧೈರ್ಯವಾಗಿ ಹೇಳುತ್ತೇನೆ. ಅವರು ನಂಬಿ ಹೊರಡುತ್ತಾರೆ. ಅವರು ತಲುಪಿದೆವು ಎಂದು ತಿಳಿಸುವವರೆಗೆ ನನಗೆ ಊಟ ಸೇರುವುದಿಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಬಂದು ಕೂರುವುದಕ್ಕೆ ಆಂಟಿ ಇಲ್ಲ.