ಮುಂದಿನ ಸಭೆ ಯಾವ ದಿನ?

ನಗರದ ಆರೋಗ್ಯ ಇಲಾಖೆಯಲ್ಲಿ ಜನರ ನಡವಳಿಕೆಯ ಸಂಶೋಧನೆಗೆ ಹಣ ಕೊಡುವ ಸಮಿತಿಯೊಂದಿತ್ತು. ಜನ ಲಸಿಕೆಗೆ ಯಾಕೆ ಬರುವುದಿಲ್ಲ, ಮಾತ್ರೆ ಯಾಕೆ ನುಂಗುವುದಿಲ್ಲ ಎಂದು ಮೊದಲು ತಿಳಿದುಕೊಂಡು ಆಮೇಲೆ ನಿಯಮ ಮಾಡಬೇಕೆಂಬುದು ಅದರ ಉದ್ದೇಶ. ಸಮಿತಿಯ ಕಾರ್ಯದರ್ಶಿಗೆ ಕಚೇರಿಯಲ್ಲಿ ‘ಮುಂದಿನ ಸಭೆ’ ಎಂದೇ ಅಡ್ಡಹೆಸರು. ಯಾರು ಏನೇ ಕೇಳಲಿ, ಅವರ ಬಾಯಿಂದ ಬರುತ್ತಿದ್ದ ಉತ್ತರ ಅದೊಂದೇ.

ತಪ್ಪು ಅವರದಲ್ಲ. ಸದಸ್ಯರು ಒಬ್ಬರಿಗಿಂತ ಒಬ್ಬರು ಘನವಂತರು. ಚಹಾ ಬರುವವರೆಗೆ ಮನುಷ್ಯ ಸ್ವಭಾವದ ಬಗ್ಗೆ ಮಾತಾಡಿ, ಚಹಾ ಬಂದ ಮೇಲೆ ವಿಷಯವನ್ನು ಮುಂದಕ್ಕೆ ಹಾಕಿ ಏಳುವುದು ಅಲ್ಲಿನ ಪದ್ಧತಿ. ಕಾರ್ಯದರ್ಶಿ ಅಷ್ಟನ್ನು ಬರೆದುಕೊಂಡು, ಫ್ಯಾನು ಆರಿಸಿ, ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಜನ್ಮದಲ್ಲಿ ಎದುರು ಮಾತಾಡಿದವರಲ್ಲ. ಮನೆಯಲ್ಲಿ ಅಕ್ಕ ಇದ್ದಳು; ಎದುರು ಮಾತಿನ ಗುತ್ತಿಗೆಯನ್ನೆಲ್ಲ ಅವಳೇ ಹಿಡಿದಿದ್ದಳು.

ಕ್ಷಯರೋಗದ ಆಸ್ಪತ್ರೆಯ ಡಾಕ್ಟರಮ್ಮನ ಅರ್ಜಿಯೂ ಹೀಗೆ ಸಭೆಯಿಂದ ಸಭೆಗೆ ಉರುಳುತ್ತಿತ್ತು. ಕೆಮ್ಮು ನಿಂತ ಕೂಡಲೇ ಎಷ್ಟೋ ರೋಗಿಗಳು ಮಾತ್ರೆ ಬಿಟ್ಟುಬಿಡುತ್ತಾರೆ. ಅವರಿಗೆ ‘ಬಿಡುವಾದಾಗ ಬನ್ನಿ’ ಎನ್ನುವ ಬದಲು, ಬರುವ ದಿನ, ಗಂಟೆಯನ್ನು ಅವರ ಬಾಯಿಂದಲೇ ಹೇಳಿಸಿದರೆ ಬರುತ್ತಾರೆಯೇ ಎಂದು ಪರೀಕ್ಷಿಸಿ ನೋಡಬೇಕೆಂಬುದು ಆಕೆಯ ಆಸೆ. ಅದಕ್ಕೆಂದೇ ತಯಾರು ಮಾಡಿದ್ದ ಇಬ್ಬರು ನರ್ಸುಗಳ ಕೆಲಸದ ಅವಧಿ ಈ ಸಲದ ಸಭೆಯ ವಾರಕ್ಕೇ ಮುಗಿಯುತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಆಕೆ ಕಾರ್ಯದರ್ಶಿಯನ್ನು ಕಾರಿಡಾರಿನಲ್ಲೇ ಹಿಡಿದರು.

“ಸರ್, ಇವತ್ತೂ ಮುಂದಕ್ಕೆ ಹೋದ್ರೆ ಆ ಹುಡುಗೀರು ಊರಿಗೆ ಹೋಗ್ಬಿಡ್ತಾರೆ. ಅಲ್ಲಿಗೆ ಎಲ್ಲಾ ಮುಗೀತು.”

“ನನ್ನ ಕೈಲೇನಿದೆಯಮ್ಮ? ಅವರು ಹೇಳಿದ್ದು ಬರೆಯೋನು ನಾನು.”

“ಬಾಯಿ ಅವರಿಗೆ ಮಾತ್ರ ಇರೋದಾ ಸರ್?” ಎಂದು, ಮರುಕ್ಷಣ ಆಕೆ ನಾಲಿಗೆ ಕಚ್ಚಿಕೊಂಡರು.

ಸಭೆ ಎಂದಿನಂತೆ ನಡೆಯಿತು. “ಜನ ಹುಟ್ಟು ಸೋಮಾರಿಗಳು ಕಣ್ರೀ,” ಎಂದು ಪ್ರೊಫೆಸರು ಕುರ್ಚಿಗೆ ಒರಗಿದರು. “ಭಯ ಇಲ್ಲ, ಅದಕ್ಕೇ,” ಎಂದರು ನಿವೃತ್ತ ನ್ಯಾಯಾಧೀಶರು. ಚಹಾ ಬಂತು. ಅಧ್ಯಕ್ಷರು ಬಿಸ್ಕತ್ತು ಅದ್ದುತ್ತ, “ಬಹಳ ಗಹನವಾದ ವಿಷಯ. ಮುಂದಿನ ಸಭೆಗೆ ಇಡೋಣ,” ಎಂದರು.

“ಆಗ್ಲಿ ಸರ್. ಯಾವ ದಿನ, ಎಷ್ಟು ಗಂಟೆಗೆ ಬರ್ತೀರಿ?”

ಕೇಳಿದವರು ಕಾರ್ಯದರ್ಶಿ. ತಮ್ಮ ದನಿ ತಮಗೇ ಗುರುತು ಸಿಗಲಿಲ್ಲ. ಆ ಕೋಣೆಯಲ್ಲಿ ಇದನ್ನು ಯಾರೂ ಕೇಳಿದ್ದೇ ಇಲ್ಲ. ಒಂದೊಂದಾಗಿ ಡೈರಿಗಳು ಹೊರಬಂದವು. ನ್ಯಾಯಾಧೀಶರಿಗೆ ಮೊಮ್ಮಗಳ ಮದುವೆ. ಪ್ರೊಫೆಸರಿಗೆ ಕಣ್ಣಿನ ಆಪರೇಷನ್. ಇಬ್ಬರಿಗೂ ಬಿಡುವಿದ್ದ ದಿನ ಅಧ್ಯಕ್ಷರಿಗೆ ಸನ್ಮಾನ.

“ಸನ್ಮಾನ ತಾನೆ, ಇನ್ನೊಂದಿನ ಇಟ್ಕೊಳ್ಳಿ,” ಎಂದರು ನ್ಯಾಯಾಧೀಶರು.

“ಮದುವೇನೂ ಇನ್ನೊಂದಿನ ಇಟ್ಕೋಬಹುದಲ್ಲ?” ಎಂದರು ಅಧ್ಯಕ್ಷರು.

“ನನ್ನ ಕಣ್ಣಂತೂ ಕಾಯೋದಿಲ್ಲಪ್ಪ,” ಎಂದು ಪ್ರೊಫೆಸರು ಡೈರಿ ಮುಚ್ಚಿದರು.

ಅಷ್ಟರಲ್ಲಿ ಅಧ್ಯಕ್ಷರ ಬಿಸ್ಕತ್ತು ನೆನೆದು ಕಪ್ಪಿನ ತಳ ಸೇರಿತ್ತು. “ಅಯ್ಯೋ, ಇವತ್ತೇ ಮುಗಿಸಿ ಬಿಸಾಕ್ರೀ! ಮಾತ್ರೆ ನುಂಗಿಸ್ತಾರಂತೆ, ನುಂಗಿಸ್ಲಿ! ನಮ್ಮ ಗಂಟೇನು ಹೋಗುತ್ತೆ?”

ಹೀಗೆ ಸಂಶೋಧನೆಗೆ ಹಣ ಮಂಜೂರಾಯಿತು.

ಬಾಗಿಲ ಹೊರಗೇ ಕಾದಿದ್ದ ಡಾಕ್ಟರಮ್ಮನಿಗೆ ಕಾರ್ಯದರ್ಶಿ ಸುದ್ದಿ ಹೇಳಿದರು.

“ಹೇಗೆ ಸರ್ ಒಪ್ಕೊಂಡ್ರು?”

ಎದೆ ಉಬ್ಬಿಸುವ ಅವಕಾಶ ಅವರಿಗೆ ಸಿಕ್ಕಿದ್ದೇ ಅಪರೂಪ. “ನೋಡಮ್ಮ, ಮನುಷ್ಯ ಸ್ವಭಾವ ಅಂದ್ರೆ...” ಎಂದು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಆಕೆ ಆಗಲೇ ಫೋನು ಕಿವಿಗಿಟ್ಟಾಗಿತ್ತು.

“ಸಿಸ್ಟರ್, ಇನ್ನೂ ಬಸ್ಸು ಹತ್ತಿಲ್ಲ ತಾನೆ? ಹಾಗಾದ್ರೆ ಗಂಟುಮೂಟೆ ಬಿಚ್ಚಿ. ಇನ್ನೊಬ್ಬ ಸಿಸ್ಟರ್‌ಗೂ ಹೇಳಿ, ಸೋಮವಾರದಿಂದ ಕೆಲಸ ಇದೆ!”