ಹರಾಜಿಲ್ಲದ ದಿನ

ಹುಟ್ಟುವಾಗಲೇ ಪಾದ ಸೊಟ್ಟಗಿರುವ ಕೂಸುಗಳಿಗೆ ಪ್ಲಾಸ್ಟರ್ ಹಾಕಿಸುವ ಸಂಸ್ಥೆಯೊಂದರಲ್ಲಿ, ತಿಪಟೂರಿನಲ್ಲಿ, ನಾನು ಕೆಲಸಕ್ಕಿದ್ದೆ. ವಾರವಾರವೂ ಹಳೆಯದನ್ನು ಬಿಚ್ಚಿ, ಪಾದವನ್ನು ಚೂರೇ ಚೂರು ತಿರುಗಿಸಿ, ಹೊಸದು ಹಾಕಬೇಕು. ನಡುವೆ ಬಿಟ್ಟರೆ ಪಾದ ಮತ್ತೆ ಸೊಟ್ಟಗಾಗುತ್ತದೆ. ಇದನ್ನು ಎಲ್ಲ ತಾಯಂದಿರಿಗೂ ಬಾಯಿಪಾಠ ಮಾಡಿಸುತ್ತಿದ್ದವನು ನಾನೇ.

ಡಾಕ್ಟರು ಬರುತ್ತಿದ್ದದ್ದು ಕೊಬ್ಬರಿ ಹರಾಜಿನ ದಿನ. ಅವತ್ತು ಬೀದಿ ತುಂಬ ಲಾರಿ, ಗೂಡ್ಸ್ ಆಟೋ. ನನ್ನ ಬೈಕ್ ನಿಲ್ಲಿಸಲೂ ಜಾಗವಿರುತ್ತಿರಲಿಲ್ಲ. ಜನಕ್ಕೂ ತೊಂದರೆಯೆಂದು ಡಾಕ್ಟರಿಗೆ ಹೇಳಿ ಹರಾಜಿಲ್ಲದ ದಿನಕ್ಕೆ ಬದಲಾಯಿಸಿದೆ. ಜನವನ್ನು ಮಾತ್ರ ಕೇಳಲಿಲ್ಲ.

ಕಂದಿಕೆರೆ ಕಡೆಯ ಕುರಿ ಸಾಕುವವರ ಹಟ್ಟಿಯಿಂದ ಒಬ್ಬಳು ತಾಯಿ ಬರುತ್ತಿದ್ದಳು. ನಾಲ್ಕು ಪ್ಲಾಸ್ಟರ್ ಆಗಿ, ಮಗಳ ಪಾದ ಮುಕ್ಕಾಲು ನೆಟ್ಟಗಾಗಿತ್ತು. ದಿನ ಬದಲಾದ ಮೇಲೆ ಮೂರು ವಾರ ಅವಳ ಸುಳಿವಿಲ್ಲ. ರಿಜಿಸ್ಟರಿನಲ್ಲಿ 'ತಾಯಿಗೆ ಆಸಕ್ತಿ ಇಲ್ಲ' ಎಂದು ಬರೆದು, ಬೈಯುವುದಕ್ಕೆಂದೇ ಹಟ್ಟಿಗೆ ಹೋದೆ.

ಬಾಗಿಲಲ್ಲಿ ಅವಳ ಅತ್ತೆ ಕೂತಿದ್ದಳು. "ಓಹೋ, ಗೊತ್ತಾಯ್ತಾ ನಮ್ಮಟ್ಟಿ ದಾರಿ?"

ನಾನು ಒಳಗಿದ್ದ ಸೊಸೆಗೆ ಕೂಗಿದೆ: "ಯಾಕಮ್ಮ ಬರ್ಲಿಲ್ಲ? ಮಗೀನ ಕಾಲು ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ?"

ಅವಳು ಕೂಸನ್ನೆತ್ತಿಕೊಂಡು ಹೊರಗೆ ಬಂದಳು. "ಹೆಂಗೆ ಬರ್ಲಿ ಸಾ? ಹರಾಜಿನ ದಿನ ಆದ್ರೆ ಕೊಬ್ರಿ ಆಟೋದವ್ರು ಹೊತ್ತಾರೇನೇ ಕರ್ಕೊಂಡೋಗೋರು. ಕೂಸೈತೆ ಅಂತ ಮುಂದ್ಗಡೆ ಜಾಗ ಕೊಡೋರು. ಈಗ ರೋಡ್‌ಗಂಟ ನಡ್ದು ಬಸ್ ಹಿಡೀಬೇಕು. ಒಂದ್ಸಲ ಬಂದಿದ್ದೆ. ಅಷ್ಟೊತ್ಗೆ ನೀವು ಬೀಗ ಹಾಕ್ಕೊಂಡು ಹೋಗ್ಬುಟ್ಟಿದ್ರಿ."

"ಬುಡು ಕಣೇ," ಎಂದಳು ಅತ್ತೆ. "ಬೈಕ್ ಮ್ಯಾಲೆ ಬಂದೋರ್ಗೆ ಏನಂತ ಹೇಳ್ತೀಯ!"

ಪ್ಲಾಸ್ಟರ್ ಬಿಗಿಯಾಗಿ ಕೂಸು ರಾತ್ರಿ ಹಗಲು ಅಳುತ್ತಿತ್ತಂತೆ. ಬಿಸಿನೀರಿನಲ್ಲಿ ನೆನೆಸಿ ತಾಯಿಯೇ ಬಿಚ್ಚಿದ್ದಳು. ನೋಡಿದೆ. ಪಾದ ಒಳಕ್ಕೆ ತಿರುಗಿತ್ತು.

"ದಿನ ಯಾಕ್ ಸಾ ಬದಲಾಯ್ಸಿದ್ರಿ?"

"ಡಾಕ್ಟರಿಗೆ ಆಗ್ತಿರಲಿಲ್ಲ ಕಣಮ್ಮ," ಎಂದುಬಿಟ್ಟೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ, ಅದು ಸುಳ್ಳು ಅನ್ನುವುದು ನನಗೇ ತಿಳಿದದ್ದು ಊರು ದಾಟಿದ ಮೇಲೆ.

ಮುಂದಿನ ವಾರ ಸಂಸ್ಥೆಯ ಜೀಪಿನಲ್ಲಿ ಅವರನ್ನು ಕರೆತಂದೆ. ಅಲ್ಲಿಯವರೆಗೆ ಆ ಜೀಪು ನಮ್ಮ ಮೀಟಿಂಗುಗಳಿಗೆ ಓಡಾಡಿಕೊಂಡಿತ್ತು. ಡಾಕ್ಟರು ಪಾದ ಹಿಡಿದು ನೋಡಿ, "ಮೊದಲನೇದರಿಂದ ಶುರು ಮಾಡ್ಬೇಕು. ಎಷ್ಟು ಸಲ ಹೇಳಿಲ್ಲ ನಿನಗೆ?" ಎಂದು ತಾಯಿಯನ್ನು ಗದರಿದರು.

ಎಲ್ಲಿ ಆಗುವುದಿಲ್ಲ ಎಂದುಬಿಡುತ್ತಾರೋ ಎಂದು ಅವಳಿಗೆ ಹೆದರಿಕೆ. ಅವರ ಕಾಲು ಮುಟ್ಟಲು ಬಗ್ಗಿದಳು. "ನಂದೇ ತಪ್ಪು ಸಾ. ತಪ್ಪಾಯ್ತು."

ಕೂಸು ಒದೆಯದ ಹಾಗೆ ನಾನು ಅದರ ಮೊಣಕಾಲು ಹಿಡಿದುಕೊಂಡಿದ್ದೆ. "ಸಾರ್, ಇನ್ಮೇಲೆ ಹರಾಜಿನ ದಿನವೇ ಇಟ್ಕೊಳ್ಳೋಣ," ಎಂದಷ್ಟೇ ಹೇಳಿದೆ. ಯಾಕೆಂದು ಅವರು ಕೇಳಲಿಲ್ಲ. ಅವಳು ನನ್ನ ಕಡೆ ತಿರುಗಿ ಕೈಮುಗಿದಳು.